ರಮ್ಯಕಾವ್ಯದಲ್ಲಿ ಪ್ರಕೃತಿಯ ಶಕ್ತಿ

ಇಂಗ್ಲಿಷ್ ರಮ್ಯಕವಿಗಳೆಂದೊಡನೆ ನಮ್ಮಲ್ಲಿ ಬಹುಮಂದಿಯ ನೆನಪಿಗೆ ಬರುವುದು ಹೂವು, ಹಕ್ಕಿ, ಕಾಮನಬಿಲ್ಲು, ಬೆಳುದಿಂಗಳು. ವರ್ಡ್ಸ್‌ವರ್ತನೆಂದರೆ ಸರೋವರದ ದಡದಲ್ಲಿ ತಲೆಯಾಡಿಸುವ ಹಳದಿಯ ಹೂಗಳು, ಷೆಲ್ಲಿಯೆಂದರೆ ಬಾನಾಡಿ, ಕೀಟ್ಸನೆಂದರೆ ಇರುಳಿನಲ್ಲಿ ಹಾಡುವ ನೈಟಿಂಗೇಲ್. ಶಾಲೆಯ ಪಾಠಪುಸ್ತಕಗಳಿಂದ ನಾವು ಪಡೆದುದು ಇಷ್ಟು. ಕನ್ನಡದಲ್ಲಿಯೂ ಈ ಕಾವ್ಯದ ಪರಿಚಯವು ಬಹುಮಟ್ಟಿಗೆ ಬಿಡಿ ಗೀತಗಳ ಮೂಲಕವೇ ಆಯಿತು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊರಬಂದಾಗ ನಮ್ಮ ಭಾಷೆಗೆ ಹೊಸದೊಂದು ದನಿ ಬಂದಿತು. ಆ ದನಿಯ ಇಂಪಿಗೆ ನಾವೆಲ್ಲರೂ ಋಣಿಗಳು. ಆದರೆ ಗೀತದಲ್ಲಿ ಚೆಲುವು ಹಿಡಿಸಿದಷ್ಟು ಸುಲಭವಾಗಿ ಬಲವು ಹಿಡಿಸದು. ಅದಕ್ಕೆ ಉದ್ದವಾದ ಕವಿತೆಗಳ ಬಳಿಗೇ ಹೋಗಬೇಕು. ಹಾಗೆ ಹೋದವರಿಗೆ ಈ ಕವಿಗಳೆಲ್ಲರನ್ನೂ ಕಾಡಿದ ಪ್ರಶ್ನೆಯೊಂದು ಎದುರಾಗುತ್ತದೆ. ಬೆಟ್ಟವನ್ನು ಎತ್ತಿ ನಿಲ್ಲಿಸಿದ, ಕಡಲನ್ನು ಕಲಕುವ, ಋತುಗಳನ್ನು ತಿರುಗಿಸುವ ಈ ಶಕ್ತಿಗೆ ನಮ್ಮ ಮೇಲೆ ಅಕ್ಕರೆಯುಂಟೆ? ನಾವಿದ್ದೇವೆಂಬುದಾದರೂ ಅದಕ್ಕೆ ತಿಳಿದಿದೆಯೆ? ಈ ಹೊತ್ತು ನಾವು ವಿಚಾರಮಾಡಹೊರಟಿರುವುದು ಈ ಪ್ರಶ್ನೆಯನ್ನು.

ಇಲ್ಲಿ ನಮ್ಮ ಅಲಂಕಾರಶಾಸ್ತ್ರದ ಒಂದು ಮಾತು ಉಪಯೋಗಕ್ಕೆ ಬರುತ್ತದೆ. ನಮ್ಮ ಆಲಂಕಾರಿಕರು ಚಂದ್ರೋದಯ, ಮಂದಮಾರುತ, ಉಪವನ ಮುಂತಾದುವನ್ನು ಸಾಮಾನ್ಯವಾಗಿ ಉದ್ದೀಪನ ವಿಭಾವಗಳಲ್ಲಿ ಸೇರಿಸಿದರು. ಭಾವಕ್ಕೆ ಆಶ್ರಯವಾದವರು ನಾಯಕ ನಾಯಿಕೆಯರು. ಪ್ರಕೃತಿಯು ಆ ಭಾವವನ್ನು ಕೆರಳಿಸುವ ಪರಿಕರ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕವಿಗಳಲ್ಲಿಯೂ ಬಹುಮಟ್ಟಿಗೆ ಇದೇ ಏರ್ಪಾಡಿದ್ದಿತು. ರಮ್ಯಕವಿಗಳ ಕೈಯಲ್ಲಿ ಇದು ತಿರುಗಿಬಿದ್ದಿತು. ಬೆಟ್ಟವೇ ಆಲಂಬನವಾಯಿತು, ಅದರ ಎದುರಿಗೆ ಮನುಷ್ಯನೊಬ್ಬನು ಒಂಟಿಯಾಗಿ ನಿಂತನು. 1757ರಲ್ಲಿಯೇ ಎಡ್ಮಂಡ್ ಬರ್ಕನು ಸುಂದರವೂ ಭವ್ಯವೂ ಬೇರೆಬೇರೆಯೆಂದೂ, ಭವ್ಯದ ಬುಡದಲ್ಲಿ ಭಯವಿರುವುದೆಂದೂ ಒಂದು ಗ್ರಂಥವನ್ನೇ ಬರೆದಿದ್ದನು. ಅವನ ಮತದಲ್ಲಿ ಅಪಾಯವು ತೀರ ಮೈಮೇಲೆ ಬಿದ್ದರೆ ಅದು ಬರಿಯ ಭಯ. ಸ್ವಲ್ಪ ದೂರದಲ್ಲಿ ನಿಂತು ನೋಡುವವನಿಗೆ ಅದರಿಂದ ಒಂದು ಬಗೆಯ ಆನಂದ. ಶಾಸ್ತ್ರವಾಗಿ ಇದು ಒಪ್ಪತಕ್ಕ ಮಾತೇ. ಆದರೆ ಆ ದೂರವು ಇಲ್ಲವಾದಾಗ ಕವಿಯು ಏನು ಮಾಡಬೇಕೆಂಬುದನ್ನು ಬರ್ಕನು ಹೇಳಲಿಲ್ಲ.

ವರ್ಡ್ಸ್‌ವರ್ತನಿಂದ ಆರಂಭಿಸೋಣ. ಅವನು ಹುಟ್ಟಿದುದು 1770ರಲ್ಲಿ, ಇಂಗ್ಲೆಂಡಿನ ವಾಯವ್ಯ ಮೂಲೆಯ ಸರೋವರಪ್ರಾಂತದಲ್ಲಿ. ಎಂಟು ತುಂಬುವ ಮೊದಲೇ ತಾಯಿ ತೀರಿಕೊಂಡಳು. ಹದಿಮೂರರಲ್ಲಿ ತಂದೆಯೂ ಹೋದನು. ಹಾಕ್ಸ್‌ಹೆಡ್ ಎಂಬ ಹಳ್ಳಿಯ ಶಾಲೆಯಲ್ಲಿ ಓದುತ್ತ, ಬೆಟ್ಟದಲ್ಲಿಯೂ ನೀರಿನ ಮೇಲೆಯೂ ಅಲೆಯುತ್ತ ಬೆಳೆದ ಹುಡುಗನಿಗೆ ಪ್ರಕೃತಿಯು ತಾಯಿಯ ಸ್ಥಾನದಲ್ಲಿ ನಿಂತಿತೆಂದರೆ ಅದು ಅಲಂಕಾರದ ಮಾತಾಗದು.

ತನ್ನ ಆತ್ಮಚರಿತ್ರೆಯ ಮಹಾಕಾವ್ಯವಾದ ‘ಪ್ರಿಲ್ಯೂಡ್’ನ ಮೊದಲನೆಯ ಭಾಗದಲ್ಲಿ ಅವನು ಒಂದು ಘಟನೆಯನ್ನು ಹೇಳುತ್ತಾನೆ. ಬೇಸಗೆಯ ಒಂದು ಸಂಜೆ, ಅಲ್ಸ್‌ವಾಟರ್ ಸರೋವರದ ದಡದಲ್ಲಿ ಮರಕ್ಕೆ ಕಟ್ಟಿದ್ದ ಯಾರದೋ ಪುಟ್ಟ ದೋಣಿಯನ್ನು ಹುಡುಗನು ಕದ್ದು ಬಿಚ್ಚಿಕೊಂಡು ಹೊರಟನು. ಹುಟ್ಟು ಹಾಕುವವನು ದಡದ ಕಡೆಗೆ ಮುಖಮಾಡಿ ಕುಳಿತಿರುತ್ತಾನೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ದೋಣಿ ನೇರವಾಗಿ ಸಾಗಲೆಂದು ಅವನು ದಡದ ಬಂಡೆಯ ಏಣೊಂದರ ತುದಿಯನ್ನು ಗುರಿಯಾಗಿ ಇಟ್ಟುಕೊಂಡಿದ್ದನು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಏಣಿನ ಹಿಂದಿನಿಂದ ಕರಿಯದೊಂದು ಶಿಖರವು ತಲೆಯೆತ್ತಿತು. ಹುಟ್ಟು ಹಾಕಿದಷ್ಟೂ ಅದು ಬೆಳೆಯಿತು; ಜೀವವಿರುವ ಪ್ರಾಣಿಯಂತೆ ಹೆಜ್ಜೆಯಿಡುತ್ತ ಬೆನ್ನಟ್ಟಿ ಬಂದಿತು. ಹುಡುಗನು ನಡುಗುತ್ತ ದೋಣಿಯನ್ನು ತಿರುಗಿಸಿ, ಅದನ್ನು ಇದ್ದ ಸ್ಥಳದಲ್ಲಿಯೇ ಬಿಟ್ಟು ಮನೆಗೆ ಹೋದನು.

ಇದರಲ್ಲಿ ಪವಾಡವೇನೂ ಇಲ್ಲ. ದಡಕ್ಕೆ ಹತ್ತಿರದಲ್ಲಿರುವಾಗ ಮುಂದಿನ ತಗ್ಗುಗುಡ್ಡವು ಹಿಂದಿನ ಎತ್ತರದ ಶಿಖರವನ್ನು ಮರೆಮಾಡುತ್ತದೆ. ದೂರ ಸರಿದಂತೆಲ್ಲ ಹಿಂದಿನದು ಮೇಲೆದ್ದು ಕಾಣುತ್ತದೆ. ಪ್ರತಿಯೊಂದು ಹುಟ್ಟಿನ ಎಳೆತಕ್ಕೂ ಸರಿಯಾಗಿ ಅದು ಏಳುವುದರಿಂದ ನಡೆದುಬಂದಂತೆ ತೋರುತ್ತದೆ. ದೃಷ್ಟಿಯ ಈ ನಿಯಮವನ್ನು ಯಾವ ಕೆರೆಯ ಮೇಲಾದರೂ ಪರೀಕ್ಷಿಸಬಹುದು. ಆದರೆ ತಪ್ಪುಮಾಡಿದ ಎಳೆಯ ಮನಸ್ಸಿಗೆ ಅದು ನಿಯಮವಾಗಿ ಕಾಣಲಿಲ್ಲ. ಆ ತರುವಾಯ ಎಷ್ಟೋ ದಿನ ಅವನ ಮನಸ್ಸಿನಲ್ಲಿ ಮರ, ಹೊಲ, ಆಕಾಶದ ಪರಿಚಿತ ಆಕಾರಗಳೇ ಉಳಿಯಲಿಲ್ಲ. ಮನುಷ್ಯರಂತೆ ಬದುಕದ ದೊಡ್ಡ ಆಕೃತಿಗಳು ಹಗಲೂ ಕನಸಿನಲ್ಲಿಯೂ ಸುಳಿದಾಡಿದುವು. ನಮಗೆ ಈ ಘಟ್ಟದಲ್ಲಿ ಹೆಚ್ಚು ಮೆಚ್ಚಿಗೆಯಾಗುವುದು, ದೊಡ್ಡವನಾದ ಕವಿಯು ಆ ಭಯವನ್ನು ವಿವರಿಸಿ ಕಳೆಯಲು ಹೋಗದಿರುವುದು. ಪ್ರಕೃತಿಯು ತನ್ನನ್ನು ಒಲಿಸಿ ಕಲಿಸಿದಂತೆ ಹೆದರಿಸಿಯೂ ಕಲಿಸಿತೆಂದು ಅವನು ನಂಬಿದ್ದನು. ಅಂದಮೇಲೆ, ಹೆದರಿಸಿದುದಾದರೂ ಅಕ್ಕರೆಯಿಂದಲೇ ಎಂದಾಯಿತು.

ಈ ನಂಬಿಕೆಯ ತುತ್ತತುದಿ 1798ರ ಜುಲೈ ತಿಂಗಳಲ್ಲಿ ಬರೆದ ‘ಟಿಂಟರ್ನ್ ಆಬಿ’ ಕವಿತೆ. ಐದು ವರ್ಷಗಳ ಹಿಂದೆ ನೋಡಿದ್ದ ವೈ ನದಿಯ ಕಣಿವೆಗೆ ಕವಿಯು ತಂಗಿ ಡಾರತಿಯೊಡನೆ ಮರಳಿ ಬಂದಿದ್ದಾನೆ. ಅದೇ ವರ್ಷ ಅವನೂ ಕೋಲ್‌ರಿಜನೂ ಕೂಡಿ ಹೆಸರು ಹಾಕದೆ ಪ್ರಕಟಿಸಿದ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ ಕಡೆಯ ಕವಿತೆ ಇದು. ಮೊದಲನೆಯದು ಕೋಲ್‌ರಿಜನ ಮುದಿನಾವಿಕನ ಕಥೆ. (ಒಂದೇ ಪುಸ್ತಕದ ಆದಿಯಲ್ಲಿ ಹಡಗಿನವರನ್ನೆಲ್ಲ ಕೊಂದುಹಾಕುವ ಕಡಲು, ಅಂತ್ಯದಲ್ಲಿ ಮನಸ್ಸನ್ನು ಸಂತೈಸುವ ನದಿ, ಓದುಗರು ಈ ಜೋಡಣೆಯನ್ನು ಅಷ್ಟಾಗಿ ಗಮನಿಸುವುದಿಲ್ಲ.) ಈ ಕವಿತೆಯ ಕೊನೆಯಲ್ಲಿ ಅವನು ತಂಗಿಗೆ ಒಂದು ಭರವಸೆ ಕೊಡುತ್ತಾನೆ: ಪ್ರಕೃತಿಯನ್ನು ಮನಸಾರೆ ಒಲಿದವರಿಗೆ ಆಕೆ ಎಂದೂ ಎರಡು ಬಗೆದುದಿಲ್ಲ. ಇಪ್ಪತ್ತೆಂಟು ವರ್ಷದ ಅಣ್ಣನು ತಂಗಿಗೆ ಕೊಟ್ಟ ಈ ಮಾತನ್ನು ಉಳಿಸಿಕೊಳ್ಳುವುದು ಏಳು ವರ್ಷಗಳ ಮೇಲೆ ಕಷ್ಟವಾಯಿತು.

ಆ ಇಬ್ಬರಿಗೂ ಪ್ರಿಯನಾದ ತಮ್ಮನೊಬ್ಬನಿದ್ದನು. ಜಾನ್ ವರ್ಡ್ಸ್‌ವರ್ತನು ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನ. ಮಾತು ಕಡಮೆ, ಅಣ್ಣನ ಕವಿತೆಗಳನ್ನು ಚೆನ್ನಾಗಿ ಬಲ್ಲವನು. 1800ರಲ್ಲಿ ಗ್ರಾಸ್‌ಮಿಯರಿನ ಮನೆಯಲ್ಲಿ ಅವರೊಡನೆ ಕೆಲವು ತಿಂಗಳು ಇದ್ದುಹೋಗಿದ್ದನು. ಬಂಗಾಳಕ್ಕೂ ಚೀನಕ್ಕೂ ಕಡಲವ್ಯಾಪಾರ ಮಾಡಿ ಹಣ ಗಳಿಸಿ, ಅದೇ ಹಳ್ಳಿಯಲ್ಲಿ ಬಂದು ನೆಲಸಿ, ಅಣ್ಣನು ನಿಶ್ಚಿಂತೆಯಿಂದ ಬರೆಯುವಂತೆ ಮಾಡಬೇಕೆಂಬುದು ಅವನ ಆಸೆ. ಅಣ್ಣ ತಂಗಿಯರೂ ತಮ್ಮ ಹಣವನ್ನು ಅವನ ಯಾತ್ರೆಯಲ್ಲಿ ತೊಡಗಿಸಿದ್ದರು. 1805ರ ಫೆಬ್ರವರಿ 5ರಂದು, ಇಂಡಿಯಾದ ಕಡೆಗೆ ಹೊರಟಿದ್ದ ಅವನ ಹಡಗು ‘ಅರ್ಲ್ ಆಫ್ ಅಬರ್ಗವೆನಿ’ ಇಂಗ್ಲೆಂಡಿನ ದಕ್ಷಿಣ ತೀರವನ್ನು ಬಿಡುವ ಮೊದಲೇ ಪೋರ್ಟ್‌ಲೆಂಡ್ ಬಳಿಯ ಕಡಲದಿಬ್ಬಕ್ಕೆ ಬಡಿದು, ಅಂದಿನ ರಾತ್ರಿಯೇ ವೇಮತ್ ಕೊಲ್ಲಿಯಲ್ಲಿ ಮುಳುಗಿತು. ಕಪ್ತಾನನನ್ನೂ ಸೇರಿಸಿ 250ಕ್ಕೂ ಹೆಚ್ಚು ಮಂದಿ ಸತ್ತರು. ಜಾನನ ದೇಹವು ದಡಕ್ಕೆ ಬಂದುದು ಕೆಲವು ವಾರಗಳ ಮೇಲೆ.

ಸುದ್ದಿ ಗ್ರಾಸ್‌ಮಿಯರಿಗೆ ತಲುಪಿದ ಮುಂದಿನ ತಿಂಗಳು ಕವಿಯು ತನ್ನ ಮಿತ್ರನಾದ ಸರ್ ಜಾರ್ಜ್ ಬೋಮಾಂಟನಿಗೆ ಬರೆದ ಕಾಗದದಲ್ಲಿ ಒಂದು ಪ್ರಶ್ನೆಯಿದೆ. ಒಳ್ಳೆಯ ಮನುಷ್ಯನು ಮತ್ತೊಬ್ಬನಿಗೆ ನೋವುಂಟುಮಾಡಲು ಅಷ್ಟು ಅಂಜುತ್ತಾನೆ. ಲೋಕವನ್ನು ಆಳುವ ಶಕ್ತಿಯಾದರೋ ನೋವನ್ನು ಧಾರಾಳವಾಗಿ ಹಂಚುತ್ತದೆ. ಹಾಗಾದರೆ ನಮಗೆ ಈ ಅಂಜಿಕೆಯನ್ನು ಕೊಟ್ಟುದಾದರೂ ಏತಕ್ಕೆ? ಪ್ರಶ್ನೆಯ ತಾತ್ಪರ್ಯ ಇದು. ಅವನು ಆಗ ‘ಪ್ರಿಲ್ಯೂಡ್’ ಕಾವ್ಯವನ್ನು ಮುಗಿಸುವುದರಲ್ಲಿದ್ದನು; ಅದೇ ವರ್ಷದ ಮೇ ತಿಂಗಳಲ್ಲಿ ಮುಗಿಸಿದನು. ಪ್ರಕೃತಿಯು ತನ್ನನ್ನು ಹೇಗೆ ಸಾಕಿತೆಂದು ಹೇಳುವ ಕಾವ್ಯದ ಕೊನೆಯ ಭಾಗಗಳನ್ನು ಅವನು ಬರೆದುದು ಈ ಸಾವಿನ ನೆರಳಿನಲ್ಲಿ.

ಮುಂದಿನ ವರ್ಷ ಇದೇ ಬೋಮಾಂಟನು ಬರೆದ ಚಿತ್ರವೊಂದನ್ನು ವರ್ಡ್ಸ್‌ವರ್ತನು ನೋಡಿದನು. ಕಡಲ ಅಂಚಿನ ಪೀಲ್ ಕೋಟೆ, ಬಿರುಗಾಳಿ, ಎದ್ದ ಅಲೆಗಳು, ತೊಳಲುತ್ತಿರುವ ಒಂದು ಹಡಗು. ಆ ಕೋಟೆಯ ಎದುರಿಗೆ ಕವಿಯು 1794ರಲ್ಲಿ ಬೇಸಗೆಯ ನಾಲ್ಕು ವಾರ ವಾಸವಾಗಿದ್ದನು. ಆಗ ಕಡಲು ಒಂದು ದಿನವೂ ಅಲುಗದೆ ಕನ್ನಡಿಯಂತಿದ್ದಿತು. ಈ ಚಿತ್ರವನ್ನು ಕುರಿತು ಬರೆದ ಕವಿತೆಯು 1807ರಲ್ಲಿ ಅಚ್ಚಾಯಿತು. ಅಂದು ಕುಂಚವು ತನ್ನ ಕೈಯಲ್ಲಿದ್ದಿದ್ದರೆ ಎಂದೆಂದಿಗೂ ಕದಡದ ಶಾಂತಿಯನ್ನು ಬರೆಯುತ್ತಿದ್ದೆನೆಂದೂ, ಆ ಚಿತ್ರವು ಸುಳ್ಳಾಗುತ್ತಿದ್ದಿತೆಂದೂ ಅವನು ಅಲ್ಲಿ ಹೇಳುತ್ತಾನೆ. ತನ್ನೊಳಗಿನ ಒಂದು ಶಕ್ತಿ ಮರಳಿ ಬಾರದಂತೆ ಹೋಯಿತು; ಆದರೆ ದುಃಖವು ತನ್ನನ್ನು ಮನುಷ್ಯರ ನಡುವಿಗೆ ತಂದಿತು ಎನ್ನುತ್ತಾನೆ.

ಇಲ್ಲಿ ಕೆಲವು ವಿಮರ್ಶಕರು ವರ್ಡ್ಸ್‌ವರ್ತನು ಪ್ರಕೃತಿಯನ್ನು ಕೈಬಿಟ್ಟನೆಂದು ಹೇಳುವುದುಂಟು. ನಮಗೆ ಆ ಮಾತು ಸರಿದೋರದು. ಕವಿತೆಯನ್ನು ಎಚ್ಚರದಿಂದ ಓದಿದರೆ ಅವನು ಕಡಲನ್ನು ಒಂದು ಕಡೆಯೂ ದೂರುವುದಿಲ್ಲ. ತಮ್ಮನನ್ನು ಕೊಂದ ಕಡಲಿಗೆ ಅವನು ಮೋಸಗಾತಿಯೆಂದು ಹೆಸರಿಡಬಹುದಾಗಿತ್ತು. ಹಾಗೆ ಹೆಸರಿಡುವುದೂ ಅದಕ್ಕೆ ಮನುಷ್ಯರ ಮನಸ್ಸನ್ನು ಹೊದಿಸಿದಂತೆಯೇ. ಅವನು ತಿದ್ದಿಕೊಂಡುದು ತನ್ನ ಹಳೆಯ ನೋಟವನ್ನು. ನಾಲ್ಕು ವಾರದ ಪ್ರಶಾಂತಿಯನ್ನು ಕಡಲಿನ ಸ್ವಭಾವವೆಂದು ತಿಳಿದುದು ತನ್ನ ತಪ್ಪೆಂದು ಒಪ್ಪಿಕೊಂಡನು. ಅವನ ಕಾವ್ಯಶಕ್ತಿಯು ಆ ಬಳಿಕ ಇಳಿಮುಖವಾಯಿತೆಂಬುದನ್ನು ಮಾತ್ರ ನಾವೂ ಅಲ್ಲಗಳೆಯಲಾರೆವು. 1807ರ ಈಚೆಗೆ ಬರೆದುದರಲ್ಲಿ ಮತ್ತೆಮತ್ತೆ ಓದಬೇಕೆನಿಸುವುದು ಬಹಳವಿಲ್ಲ.

ಇನ್ನು ಬೆಟ್ಟದ ಕಡೆಗೆ ಹೋಗೋಣ. ಯೂರೋಪಿನ ಆಲ್ಪ್ಸ್ ಶ್ರೇಣಿಯ ಮಾಂಟ್ ಬ್ಲಾಂಕ್ ಪರ್ವತದ ಎತ್ತರ ಸುಮಾರು 4,800 ಮೀಟರು. ಅದರ ಬುಡದಲ್ಲಿ ಶಾಮೊನಿ ಕಣಿವೆ. 1802ರಲ್ಲಿ ಕೋಲ್‌ರಿಜನು ಆ ಕಣಿವೆಯ ಸೂರ್ಯೋದಯವನ್ನು ಕುರಿತು ಒಂದು ಸ್ತೋತ್ರವನ್ನು ಪ್ರಕಟಿಸಿದನು. ಹಿಮನದಿಗಳೂ ಜಲಪಾತಗಳೂ ಹೂಗಳೂ ಒಂದೇ ಕೊರಲಿನಿಂದ ದೇವರ ಹೆಸರನ್ನು ಸಾರುತ್ತವೆಂಬುದು ಅದರ ಭಾವ. ಗಂಭೀರವಾದ ಕವಿತೆಯೇ ಸರಿ. ಆದರೆ ಕೋಲ್‌ರಿಜನು ಶಾಮೊನಿಯನ್ನು ಕಂಡವನಲ್ಲ. ಫ್ರೀಡರಿಕೆ ಬ್ರೂನ್ ಎಂಬ ಕವಯಿತ್ರಿಯ ಜರ್ಮನ್ ಕವಿತೆಯೊಂದನ್ನು ಹಿಡಿದು ಬೆಳೆಸಿದನು, ಆಕೆಯ ಹೆಸರನ್ನೂ ಎತ್ತಲಿಲ್ಲ. ಕಾಣದ ಬೆಟ್ಟವು ನಾವು ಹೇಳಿಸಿದುದನ್ನು ಹೇಳುವುದು ಆಶ್ಚರ್ಯವಲ್ಲ.

ಹದಿನಾಲ್ಕು ವರ್ಷಗಳ ಮೇಲೆ, 1816ರ ಜುಲೈಯಲ್ಲಿ, ಷೆಲ್ಲಿಯು ಅದೇ ಕಣಿವೆಯಲ್ಲಿ ಆರ್ವ್ ನದಿಯ ಸೇತುವೆಯ ಮೇಲೆ ನಿಂತು ನೋಡಿದನು. ಆಗ ಅವನಿಗೆ ಇಪ್ಪತ್ತನಾಲ್ಕು ಇನ್ನೂ ತುಂಬಿರಲಿಲ್ಲ. ಹಿಂದಿನ ಪ್ರವಾಸಿಗಳು ಅಲ್ಲಿಯ ವಸತಿಗೃಹಗಳ ಪುಸ್ತಕಗಳಲ್ಲಿ ದೈವಭಕ್ತಿಯ ಮಾತುಗಳನ್ನು ಬರೆದು ಹೋಗುತ್ತಿದ್ದರು; ಇವನು ತಾನು ನಾಸ್ತಿಕನೆಂದು ಗ್ರೀಕ್ ಭಾಷೆಯಲ್ಲಿ ಬರೆದನು. ಇದು ಹುಡುಗಾಟಿಕೆಯಿರಬಹುದು, ಕವಿತೆಯಲ್ಲಿ ಹುಡುಗಾಟಿಕೆಯಿಲ್ಲ. ‘ಮಾಂಟ್ ಬ್ಲಾಂಕ್’ ಎಂಬ ಆ ಕವಿತೆಯಲ್ಲಿ ಶಕ್ತಿಯು ಎಲ್ಲಕ್ಕೂ ಮೇಲೆ, ಯಾರಿಗೂ ಎಟುಕದೆ, ಪ್ರಶಾಂತವಾಗಿ ಕುಳಿತಿದೆ. ಅಲ್ಲಿಂದ ಇಳಿದುಬರುವ ಹಿಮನದಿಗಳು ಬೇಟೆಯ ಮೇಲೆ ಕಣ್ಣಿಟ್ಟ ಹಾವುಗಳ ಹಾಗೆ ಮೆಲ್ಲಮೆಲ್ಲನೆ ತೆವಳುತ್ತ ಕಾಡನ್ನೂ ಹುಳುಹಕ್ಕಿಗಳ ನೆಲೆಯನ್ನೂ ಮನುಷ್ಯನ ಮನೆಯನ್ನೂ ಅಳಿಸುತ್ತವೆ. ಅದೇ ಹಿಮವು ಕರಗಿ, ಮುಂದೆ ದೊಡ್ಡ ನದಿಯಾಗಿ, ದೂರದ ದೇಶಗಳಿಗೆ ಜೀವವಾಗಿ ಹರಿಯುತ್ತದೆ. ಅಳಿಸುವುದೂ ಉಳಿಸುವುದೂ ಎರಡೂ ಅದಕ್ಕೆ ಗೊತ್ತಿಲ್ಲ. ಶಿಖರದ ಮೇಲೆ ಹಿಮ ಬೀಳುತ್ತದೆ; ನೋಡುವವರಿಲ್ಲ, ಸದ್ದಿಲ್ಲ. (ನಿಜವಾಗಿ 1786ರಲ್ಲಿಯೇ ಇಬ್ಬರು ಆ ಶಿಖರವನ್ನು ಹತ್ತಿ ಇಳಿದಿದ್ದರು, ಕವಿತೆಯು ಅದನ್ನು ಲೆಕ್ಕಕ್ಕೆ ತಂದುಕೊಂಡಿಲ್ಲ.) ಕೊನೆಗೆ ಕವಿತೆಯು ಪರ್ವತವನ್ನೇ ಕೇಳುವ ಪ್ರಶ್ನೆಯೊಂದರಲ್ಲಿ ನಿಲ್ಲುತ್ತದೆ. ಈ ಮೌನವನ್ನು ಬರಿದೆಂದು ಬಿಟ್ಟುಬಿಡದೆ ಅದಕ್ಕೆ ಕಿವಿಗೊಡುವ ಮನಸ್ಸೊಂದು ಇಲ್ಲವಾದರೆ ಇಷ್ಟು ದೊಡ್ಡ ಬೆಟ್ಟಕ್ಕೆ ಏನು ಬೆಲೆಯೆಂಬುದು ಆ ಪ್ರಶ್ನೆಯ ಸಾರವೆಂದು ನಾವು ತಿಳಿಯುತ್ತೇವೆ. ಅಕ್ಕರೆಯನ್ನು ಬೆಟ್ಟದಲ್ಲಿ ಹುಡುಕುವುದನ್ನು ಷೆಲ್ಲಿ ಬಿಟ್ಟನು. ಅರ್ಥವನ್ನು ಮಾತ್ರ ಬಿಡಲಿಲ್ಲ.

ಆ ಬೇಸಗೆಯ ವಿಷಯವನ್ನು ಇಷ್ಟಕ್ಕೇ ಬಿಡುವಂತಿಲ್ಲ. 1816ರಲ್ಲಿ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ಹಿಂದಿನ ವರ್ಷದ ಏಪ್ರಿಲಿನಲ್ಲಿ, ಇಂದಿನ ಇಂಡೊನೇಷ್ಯಕ್ಕೆ ಸೇರಿದ ಸುಂಬಾವ ದ್ವೀಪದ ತಂಬೋರ ಜ್ವಾಲಾಮುಖಿಯು ಸಿಡಿದಿದ್ದಿತು. ಅದು ಕಾರಿದ ಗಂಧಕದ ಅನಿಲವು ವಾಯುಮಂಡಲದ ಮೇಲಣ ಪದರವನ್ನು ಸೇರಿ, ಸೂಕ್ಷ್ಮಕಣಗಳ ತೆರೆಯಾಗಿ ಲೋಕವನ್ನು ಸುತ್ತಿ, ಬಿಸಿಲನ್ನು ತಡೆಯಿತು. ಸ್ವಿಟ್ಜರ್ಲೆಂಡಿನಲ್ಲಿ ಬೆಳೆ ಕೆಟ್ಟು ಹಸಿವು ಹಬ್ಬಿತು. ಜಿನೀವ ಸರೋವರದ ದಡದಲ್ಲಿ ತಂಗಿದ್ದ ಬೈರನ್, ಷೆಲ್ಲಿ ಮತ್ತು ಮೇರಿ ಮಳೆಯ ದೆಸೆಯಿಂದ ಎಷ್ಟೋ ದಿನ ಮನೆಯೊಳಗೇ ಕುಳಿತರು. ಮೇರಿಯು ‘ಫ್ರಾಂಕನ್‌ಸ್ಟೈನ್’ ಕಥೆಯನ್ನು ತೊಡಗಿದುದು ಆಗ. ತಂಬೋರಕ್ಕೂ ಈ ಚಳಿಗೂ ಇರುವ ಸಂಬಂಧವು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಸೂರ್ಯನ ಮೇಲೆ ಬರಿಗಣ್ಣಿಗೇ ಕಲೆಗಳು ಕಾಣುತ್ತಿದ್ದುವು. ಜುಲೈ 18ರಂದು ಸೂರ್ಯನು ನಂದಿಹೋಗುವನೆಂಬ ಇಟಲಿಯ ಭವಿಷ್ಯವೊಂದು ಊರೂರಿಗೆ ಹರಡಿದ್ದಿತು. ಬೈರನನು ಆ ತಿಂಗಳು ಬರೆದ ‘ಡಾರ್ಕ್‌ನೆಸ್’ ಕವಿತೆಯಲ್ಲಿ ಸೂರ್ಯನು ನಂದಿಯೇ ಹೋಗುತ್ತಾನೆ. ಜನರು ಬೆಳಕಿಗಾಗಿ ಅರಮನೆ ಗುಡಿಸಲುಗಳನ್ನು ಸುಡುತ್ತಾರೆ. ಹಸಿವಿನಲ್ಲಿ ಒಬ್ಬರನ್ನೊಬ್ಬರು ತಿನ್ನುತ್ತಾರೆ. ಕೊನೆಗುಳಿದ ಇಬ್ಬರು ಹಳೆಯ ಶತ್ರುಗಳು ಬೂದಿಯ ಕೆಂಡವನ್ನೂದಿ, ಅದರ ಬೆಳಕಿನಲ್ಲಿ ಪರಸ್ಪರರ ಮುಖವನ್ನು ಕಂಡು, ಆ ಭೀಕರತೆಯಿಂದಲೇ ಸಾಯುತ್ತಾರೆ. ಇಲ್ಲಿ ಪ್ರಕೃತಿಯ ಶಕ್ತಿಯು ತೋರುವುದು ಅದು ಹಿಂದಕ್ಕೆ ಸರಿದಾಗ. ಅರ್ಥವನ್ನು ಹುಡುಕಲು ಮನಸ್ಸೇ ಉಳಿಯುವುದಿಲ್ಲ. ಷೆಲ್ಲಿಯ ಪ್ರಶ್ನೆಗೆ ಅದೇ ತಿಂಗಳಲ್ಲಿ ಅವನ ಮಿತ್ರನೇ ಬರೆದ ಕಹಿಯಾದ ಉತ್ತರವೆಂದು ಇದನ್ನು ಓದಬಹುದು.

ಕೀಟ್ಸನಿಗೆ ಬೆಟ್ಟವೂ ಬಿರುಗಾಳಿಯೂ ಬೇಕಾಗಲಿಲ್ಲ. ಅವನು ವೈದ್ಯವೃತ್ತಿಯನ್ನು ಕಲಿತು, 1816ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಳಿಕ ಅದನ್ನು ಬಿಟ್ಟವನು. 1818ರ ಮಾರ್ಚಿಯಲ್ಲಿ ಕ್ಷಯದಿಂದ ನರಳುತ್ತಿದ್ದ ತಮ್ಮ ಟಾಮನ ಆರೈಕೆಗೆ ಟೈನ್‌ಮತ್ ಎಂಬ ಕಡಲೂರಿನಲ್ಲಿದ್ದಾಗ, ಮಿತ್ರನಾದ ರೆನಲ್ಡ್ಸನಿಗೆ ಪದ್ಯರೂಪವಾದ ಒಂದು ಕಾಗದವನ್ನು ಬರೆದನು. ತಿಳಿಯಾದ ಸಂಜೆಯಲ್ಲಿ ಕಡಲನ್ನು ನೋಡುತ್ತಿದ್ದವನಿಗೆ ಅದರೊಳಗೆ ದೊಡ್ಡದು ಚಿಕ್ಕದನ್ನು ನುಂಗುವ ಎಡೆಬಿಡದ ವ್ಯಾಪಾರವು ಕಂಡು ಸಂತೋಷವೆಲ್ಲ ಆರಿಹೋಯಿತೆಂದು ಅದರಲ್ಲಿ ಹೇಳುತ್ತಾನೆ. ಷಾರ್ಕ್ ಮೀನೂ ಗಿಡುಗವೂ ಹಾಗಿರಲಿ. ಇಂಗ್ಲಿಷರು ಮನೆಯ ಮಗುವಿನಂತೆ ಮುದ್ದಿಸುವ ಕೆಂಪೆದೆಯ ರಾಬಿನ್ ಹಕ್ಕಿಯೂ ಹುಳುವಿನ ಮೇಲೆ ಎರಗುವಾಗ ಚಿರತೆಯೇ. ಆ ವರ್ಷದ ಡಿಸೆಂಬರ್ 1ರಂದು ಟಾಮನು ಸತ್ತನು.

ಮುಂದಿನ ವರ್ಷ, 1819ರ ಸೆಪ್ಟೆಂಬರ್ 19ರಂದು, ವಿಂಚೆಸ್ಟರಿನಲ್ಲಿ ಸಂಜೆ ತಿರುಗಾಡಿ ಬಂದು ಅವನು ಬರೆದುದು ಶರತ್ಕಾಲವನ್ನು ಕುರಿತ ಪ್ರಸಿದ್ಧ ಕವಿತೆ. ಅದರಲ್ಲಿ ಶಕ್ತಿಯು ಹಣ್ಣಿಗೆ ರಸ ತುಂಬುತ್ತದೆ, ಜೇನಿನ ಗೂಡು ಉಕ್ಕುವಂತೆ ಮಾಡುತ್ತದೆ, ಕುಯ್ಲಿನ ನಡುವೆ ನಿದ್ದೆಹೋಗುತ್ತದೆ. ಅಕ್ಕರೆಯುಂಟೆ ಇಲ್ಲವೆ ಎಂಬ ಮಾತನ್ನು ಕವಿಯು ಎತ್ತುವುದೇ ಇಲ್ಲ. ಇದನ್ನು ಸುಖಿಯಾದವನ ಕವಿತೆಯೆಂದು ಓದುವವರು ಕೊನೆಯ ಪಂಕ್ತಿಗಳ ಕಡೆಗೆ ಮತ್ತೊಮ್ಮೆ ನೋಡಬೇಕು. ಕೊಯ್ದ ಹೊಲದ ಮೇಲೆ ದಿನ ಮುಳುಗುತ್ತಿದೆ. ನುಸಿಗಳ ಹಿಂಡು ಮೊರೆಯುತ್ತಿದೆ. ತೋಟದಲ್ಲಿ ಹಕ್ಕಿಯೊಂದು ಸಿಳ್ಳು ಹಾಕುತ್ತಿದೆ. ಆ ಹಕ್ಕಿ ರಾಬಿನ್. ಹದಿನೆಂಟು ತಿಂಗಳ ಹಿಂದೆ ಚಿರತೆಯಾಗಿ ಕಂಡುದು ಇದೇ ಹಕ್ಕಿ. ಅದು ಹುಳು ತಿನ್ನುವುದನ್ನು ಬಿಟ್ಟಿತೆಂದಲ್ಲ. ಕೀಟ್ಸನು ಅದನ್ನು ಮರೆತನೆಂದೂ ನಾವು ಹೇಳಲಾರೆವು. ತಿಳಿದೂ ಅದರ ಹಾಡಿಗೆ ಎಡೆಗೊಟ್ಟನು. ಈ ಕವಿಗಳೆಲ್ಲರಲ್ಲಿ ಪ್ರಕೃತಿಯಿಂದ ಏನನ್ನೂ ಬೇಡದೆ ಅದರ ಎದುರಿಗೆ ನಿಂತವನು ಇವನೊಬ್ಬನೆಂದು ನಮ್ಮ ಅಭಿಪ್ರಾಯ. ಅವನಿಗೆ ಉಳಿದಿದ್ದುದು ಹದಿನೇಳು ತಿಂಗಳು.

ಬೇಡಿದವನು ಷೆಲ್ಲಿ. ಕೀಟ್ಸನು ವಿಂಚೆಸ್ಟರಿನಲ್ಲಿ ಬರೆದ ಮರುತಿಂಗಳೇ ಅವನು ಇಟಲಿಯ ಫ್ಲಾರೆನ್ಸಿನ ಬಳಿ, ಆರ್ನೊ ನದಿಯ ದಡದ ತೋಪಿನಲ್ಲಿ ಪಡುವಣ ಗಾಳಿಯನ್ನು ಕರೆದು ಹಾಡಿದನು. ಹಿಂದಿನ ವರ್ಷ ಮಗಳೂ ಆ ವರ್ಷದ ಜೂನಿನಲ್ಲಿ ಮೂರು ವರ್ಷದ ಮಗನೂ ಸತ್ತಿದ್ದರು. ಗಾಳಿಯು ಎಲೆಗಳನ್ನು ಕೊಲ್ಲುತ್ತದೆ, ಬೀಜಗಳನ್ನು ಕಾಪಾಡುತ್ತದೆ. ಎರಡನ್ನೂ ಬಲ್ಲವನಾಗಿಯೇ ಅವನು ತನ್ನನ್ನು ಅದಕ್ಕೆ ಒಪ್ಪಿಸಿಕೊಂಡನು. 1822ರ ಜುಲೈ 8ರಂದು ಲಿವೋರ್ನೊ ಬಂದರಿನಿಂದ ಮನೆಯ ಕಡೆಗೆ ದೋಣಿಯಲ್ಲಿ ಹೊರಟವನು ಬಿರುಗಾಳಿಗೆ ಸಿಕ್ಕಿ ಮುಳುಗಿದನು. ಗಾಳಿಯನ್ನು ಸ್ತುತಿಸಿದವನನ್ನು ಗಾಳಿಯೇ ಕೊಂದಿತೆಂದು ಇದರಲ್ಲಿ ವಿಧಿಯ ಪರಿಹಾಸ್ಯವನ್ನು ಕಾಣುವವರಿದ್ದಾರೆ. ಆದರೆ ಅವನ ಕವಿತೆಯಲ್ಲಿ ಗಾಳಿಯು ಯಾರಿಗೂ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ಕೆಲವು ದಿನಗಳ ಮೇಲೆ ದೇಹವು ವಿಯರೆಜ್ಜೊ ಬಳಿಯ ಮರಳಿಗೆ ಬಂದಾಗ ಅಂಗಿಯ ಜೇಬಿನಲ್ಲಿ, ಓದುತ್ತಿದ್ದ ಪುಟವನ್ನು ಹಿಂದಕ್ಕೆ ಮಡಿಸಿ ತುರುಕಿದ್ದಂತೆ, ಒಂದು ಪುಸ್ತಕವಿದ್ದಿತು. ಅದು ಕೀಟ್ಸನು 1820ರಲ್ಲಿ ಪ್ರಕಟಿಸಿದ ಕೊನೆಯ ಸಂಕಲನ. ಶರತ್ಕಾಲದ ಕವಿತೆಯೂ ಅದರಲ್ಲಿಯೇ ಇದೆ.